ತೋಳದ ಹೆಜ್ಜೆ

ಬೀಟ್‌ರೂಟ್ ತಿಂದಿದ್ದಕ್ಕೇ ಇರಬೇಕು ಎಂದಳು ಯಾಗೊಡ, ಮೊದಲ ದಿನ.
ಮರುದಿನ ಬೀಟ್‌ರೂಟ್ ಇರಲಿಲ್ಲ. ಕೆಂಪು ಇತ್ತು.
ನೋವಿಲ್ಲ, ಜ್ವರವಿಲ್ಲ.
ನಮ್ಮ ಸಾವಾ ನದಿಯ ದಂಡೆಯಲ್ಲಿ
ನೋವಿಲ್ಲದ ರಕ್ತಕ್ಕೇ ಜನ ಹೆಚ್ಚು ಹೆದರುವುದು.

ಅವಳ ತಾಯಿಗೆ ಹೀಗೇ. ತಾಯಿಯ ತಮ್ಮ ಆಂದ್ರಿಯಾನಿಗೆ ಹೀಗೇ.
ದಿಬ್ಬದ ಊರಿಗಿಲ್ಲ, ತಗ್ಗಿನ ಊರಿಗಿದೆ.
ಬಾವಿಯ ನೀರು ಎಂದರು, ಶಾಪ ಎಂದರು,
ಯಾರದೋ ಅಜ್ಜ ಯಾರದೋ ಗಡಿಕಲ್ಲು ಸರಿಸಿದ್ದ ಎಂದರು.
ಹಿಟ್ಟು ಎಂದು ಮಾತ್ರ ನನ್ನ ಮುಂದೆ ಯಾರೂ ಅನ್ನಲಿಲ್ಲ.
ಗಿರಣಿ ನನ್ನದು.

ಬದುವಿನಲ್ಲಿ ಒಂದು ಕಳೆ:
ಹೃದಯದಂಥ ಎಲೆ, ಮಾಸಲು ಹಳದಿ ಹೂ.
ತೋಳದ ಹೆಜ್ಜೆ ಅನ್ನುತ್ತೇವೆ ನಾವು.
ದನ ಮೂಸಿ ನೋಡಿ ಮುಂದೆ ಹೋಗುತ್ತದೆ.
ನಾವು ಗೋಧಿಯ ಜೊತೆ ಕೊಯ್ದೆವು, ಗೋಧಿಯ ಜೊತೆ ಬಡಿದೆವು.
ಕಾಳು ಯಾವುದು ಜೊಳ್ಳು ಯಾವುದು, ಗಾಳಿ ಹೇಳಿತು;
ವಿಷ ಯಾವುದೆಂದು ಹೇಳಲಿಲ್ಲ.
ಹದಿನೆಂಟು ವರ್ಷ ನನ್ನ ಕಲ್ಲು ಎರಡನ್ನೂ ಒಂದೇ ಮಾಡಿತು,
ಬೆಚ್ಚಗೆ, ಬಿಳಿಯಾಗಿ, ಅಂಗೈಗೆ ಅಂಟುವ ಹಾಗೆ.

ಡಾಕ್ಟರ್ ದುಬ್ರಾವ್ಕಾ ಕಾಗದದ ಮೇಲೆ ಬರೆದು ತೋರಿಸಿದರು:
ಇದು ಮೂತ್ರಪಿಂಡ, ಇದು ನಾಳ, ಇದು ಚೀಲ.
ಗಡ್ಡೆ ನಾಳದಲ್ಲಿ, ಮಸೂರ ಬೇಳೆಯಷ್ಟು.
ಅಷ್ಟಕ್ಕೆ ಇಡೀ ಪಿಂಡವೇ? ಅಂದೆ.
ಪಿಂಡ, ನಾಳ, ನಾಳ ಚೀಲವನ್ನು ಮುಟ್ಟುವ ಕಟ್ಟಕಡೆಯ ಅಂಚು,
ಕಿತ್ತರೆ ಬೇರು ಸಹಿತ, ಅಂದರು.
(ನನಗೆಂದೇ ಆ ಮಾತು ಹುಡುಕಿದ್ದರೋ ಏನೋ.)
ಆಮೇಲೆ ಚೀಲದೊಳಕ್ಕೆ ಒಂದು ಸಲ ಔಷಧ.
ಆಮೇಲೆ ಮೂರು ತಿಂಗಳಿಗೊಮ್ಮೆ ದುರ್ಬೀನು ಇಳಿಸಿ ನೋಡುವುದು.
ಉಳಿದ ಪಿಂಡವೂ ಅದೇ ಊಟ ಉಂಡದ್ದು, ಅದನ್ನೂ ಕಾಯಬೇಕು.

ಎಷ್ಟು ವರ್ಷ? ಕೇಳಿದವಳು ಯಾಗೊಡ, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ.
ಗೋಡೆಯೊಳಕ್ಕೆ ಇಳಿದಿಲ್ಲವಾದರೆ ಹತ್ತರಲ್ಲಿ ಎಂಟು ಮಂದಿ
ಐದು ವರ್ಷದ ಆಚೆ. ಇಳಿದಿದ್ದರೆ ಲೆಕ್ಕ ಬೇರೆ.

ನಾನು ಲೆಕ್ಕದವನು. ಹತ್ತು ಮೂಟೆ ಬಂದರೆ ಎಂಟು ಹಿಟ್ಟು.
ಉಳಿದೆರಡು ಎಲ್ಲಿ ಹೋಯಿತೆಂದು ಯಾವ ರೈತನೂ ಕೇಳಿರಲಿಲ್ಲ.
ಐದು ತಾಸು ಆಪರೇಷನ್ ಕೋಣೆಯ ಹೊರಗೆ ಕೂತು
ನಾನೇ ಕೇಳಿಕೊಂಡೆ.

ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ.
ತಿಂದವರು ಇಬ್ಬರು, ಒಂದೇ ರೊಟ್ಟಿ ಮುರಿದು.
ಕುಡಿದವಳು ಒಬ್ಬಳು.
ನನ್ನವು ಎರಡೂ ಗಟ್ಟಿಯಾಗಿವೆ, ಒಂದು ತೆಗೆದುಕೊಳ್ಳಿ ಅಂದೆ.
ಈಗ ಬೇಡ, ಅಂದರು ದುಬ್ರಾವ್ಕಾ. ಇದು ಸಾಲ ತೀರಿಸುವ ಜಾಗವಲ್ಲ.

ವರದಿ ಬಂತು. ಗೋಡೆಯೊಳಗೆ ಇಳಿದಿತ್ತು, ಆಚೆ ದಾಟಿರಲಿಲ್ಲ.
ಹಾಗಾದರೆ ಎಂಟೋ?
ಏಳು ಅನ್ನಿ.
ಇನ್ನೂ ನಾಲ್ಕು ಸುತ್ತು ಔಷಧ ಏರಿಸಬೇಕು, ಆದರೆ ಒಂದೇ ಪಿಂಡ
ಪೂರ್ತಿ ಪ್ರಮಾಣ ತಾಳದು, ಅಳೆದು ಅಳೆದು ಕೊಡೋಣ.
ಅಳೆಯುವುದು ನನಗೆ ಅರ್ಥವಾಗುತ್ತದೆ.

ಮನೆಗೆ ಬಂದ ರಾತ್ರಿ ದೀಪ ಆರಿಸಿದ ಮೇಲೆ ಹೇಳಿದೆ:
ಬೀಸಿದ್ದು ನಾನು.
ಬಹಳ ಹೊತ್ತು ಸುಮ್ಮನಿದ್ದಳು. ನಿದ್ದೆ ಬಂತೇನೋ ಅಂದುಕೊಂಡೆ.
ನಾದಿದ್ದು ನಾನು, ಅಂದಳು.
ಹೊಲಿಗೆ ಇಲ್ಲದ ಮಗ್ಗುಲಿಗೆ ಹೊರಳಿದಳು.

ಬೆಳಗ್ಗೆ ಗುದ್ದಲಿ ಹಿಡಿದು ಬದುವಿಗೆ ಹೋದೆ.
ಎಲೆ ಸುಲಭಕ್ಕೆ ಬಂತು. ಬೇರು ಮೊಳಕಾಲುದ್ದ ಇಳಿದಿತ್ತು,
ಎಳೆಯುವಾಗ ನಡುವೆ ತುಂಡಾಯಿತು.
ಒಳಗೆ ಎಷ್ಟು ಉಳಿಯಿತೋ.
ಮೂರು ತಿಂಗಳಿಗೆ ಮತ್ತೆ ಬಂದು ನೋಡಬೇಕು.