ವರದಿಯ ನೆತ್ತಿ

ರಾಯಚೂರಿನ ಗಂಜಿನಲ್ಲಿ ಬೆಳಗಿನ ಒಂಬತ್ತೂವರೆ.
ತೂಕದ ಸೇತುವೆಯಿಂದ ಗೇಟಿನಾಚೆಯ ಡಾಂಬರಿನವರೆಗೂ
ಹತ್ತಿ ತುಂಬಿದ ಟ್ರ್ಯಾಕ್ಟರು, ಟೆಂಪೊ, ಒಂದೆರಡು ಎತ್ತಿನ ಗಾಡಿ.
ಹನ್ನೊಂದಕ್ಕೆ ಟೆಂಡರು ತೆರೆಯಬೇಕು.
ತೆರೆಯುವ ಲಕ್ಷಣವಿಲ್ಲ.
ತೂಕದ ಚೀಟಿ ಒಂದನ್ನೂ ಒಳಗೆ ಬಿಟ್ಟುಕೊಳ್ಳದೆ
ಸರ್ವರು ಬಾಗಿಲಿಗೆ ಅಡ್ಡ ಕೂತಿದೆ;
ಕಾರಣ ಕೇಳಿದರೆ ಉದ್ದನೆಯದೊಂದು ಸಂಖ್ಯೆ ಉಗುಳುತ್ತದೆ.

"ಸಿಸ್ಟಂ ಅಕ್ಕಾ, ಏನಾಗ್ಯಾದ?"
ಕಿಟಕಿಯ ಸರಳಿಗೆ ಮುಖ ಒತ್ತಿದವರು ಎಷ್ಟು ಜನವೋ.
ಶಂಕ್ರಮ್ಮ ಎಂಬ ನನ್ನ ಹೆಸರು
ಗುತ್ತಿಗೆಯ ಕಾಗದ ಬಿಟ್ಟರೆ ಈ ಗಂಜಿನಲ್ಲಿ ಎಲ್ಲೂ ಚಲಾವಣೆಯಿಲ್ಲ.

ತಪಾಸಣೆಯ ತಂತ್ರಾಂಶ ತೆರೆದೆ.
ಅದರ ಕೆಲಸ ನನಗೆ ಅರ್ಥವಾಗುವುದು ಹೀಗೆ:
ಖರೀದಿದಾರ ಚೀಲದ ಬಾಯಿಗೆ ಕೈಹಾಕಿ
ಒಂದು ಹಿಡಿ ಕಿತ್ತು, ಎರಡು ಹೆಬ್ಬೆರಳ ನಡುವೆ ಎಳೆದು,
ಎಳೆ ಎಷ್ಟುದ್ದ, ಎಲ್ಲಿ ಹರಿಯಿತು, ಸಿಪ್ಪೆಯ ಚೂರೆಷ್ಟು
ಎಂದು ಮಾತಿಲ್ಲದೆ ನೋಡುತ್ತಾನಲ್ಲ, ಹಾಗೆ
ಇದೂ ಒಂದೊಂದು ಚೀಲಕ್ಕೆ ಕೈಹಾಕುತ್ತ ನಡೆಯುತ್ತದೆ.
ದಾಖಲೆಗಳ ಕಣಜ, ಸರಿ.
ಡಿಸ್ಕಿನಲ್ಲಿ ಜಾಗ, ಸರಿ.
ಸೇತುವೆಯಿಂದ ಬರುವ ತಂತಿ, ಸರಿ.
ವರ್ತಕರ ಲಾಗಿನ್ನು, ನಿನ್ನೆಯ ಬ್ಯಾಕಪ್ಪು, ಸರಿ, ಸರಿ.
ನಲವತ್ತಮೂರು ಸಾಲು ಹಸಿರು,
ಬ್ಯಾಂಕಿನ ಕೊಂಡಿಯ ಹತ್ತಿರ ಒಂದೇ ಒಂದು ಕೆಂಪು:
ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ.

ಬಂದಿಲ್ಲವೆಂದರೇನು? ನಿನ್ನೆ ಸಂಜೆಯವರೆಗೂ
ಅದೇ ಪತ್ರದ ಮೇಲೆ ಲಕ್ಷಗಟ್ಟಲೆ ಹಣ ದಾಟಿದೆ.
ಕಂಪನಿಗೆ ಫೋನು. ಅಲ್ಲಿ ಸಂಗೀತ.
ನಡುನಡುವೆ ಒಂದು ಹೆಣ್ಣು ದನಿ:
ನಿಮ್ಮ ಕರೆ ನಮಗೆ ಅಮೂಲ್ಯ.
ಕಾರ್ಯದರ್ಶಿ ಸೂಗಪ್ಪನವರು ಬಂದು, ಕೆಂಪು ಸಾಲನ್ನು
ಬೆರಳಿಂದ ಒರೆಸಿ ನೋಡಿ, ಹೋದರು.

ಹತ್ತೂ ಕಾಲಿಗೆ ತೂಕದ ಯಂಕೋಬ ಚೀಟಿ ಹಿಡಿದು ಬಂದ.
"ಅಕ್ಕಾ, ತೂಕ ಬರೋಬ್ಬರಿ ಅದ. ತಾರೀಖು ನೋಡ್ರಿ.
ಈ ತಾರೀಖಿಗಿ ನಾ ಇನ್ನಾ ಮೂಟಿ ಹೊರತಿದ್ದೆ."

ನೋಡಿದೆ.
ಹನ್ನೊಂದು ವರ್ಷದ ಹಿಂದಿನ ಜನವರಿ ಒಂದು.
ರಾತ್ರಿ ಕರೆಂಟು ಹೋಗಿ, ಇನ್ವರ್ಟರು ಸೋತು,
ಬೆಳಗ್ಗೆ ಎದ್ದ ಯಂತ್ರ ತಾನು ಹುಟ್ಟಿದ ದಿನಕ್ಕೆ ಹೋಗಿ ಕೂತಿದೆ.
ಅಲ್ಲಿಂದ ನೋಡಿದರೆ ಅದರ ವಾದ ಸರಿಯೇ:
ಈ ಪ್ರಮಾಣಪತ್ರಕ್ಕೆ ಇನ್ನೂ ಸಹಿ ಬಿದ್ದಿಲ್ಲ,
ಗೇಟಿನಲ್ಲಿ ನಿಂತ ಹತ್ತಿಯನ್ನು ಇನ್ನೂ ಯಾರೂ ಬಿತ್ತಿಲ್ಲ.

ತಪಾಸಣೆ ಸುಳ್ಳು ಹೇಳಿರಲಿಲ್ಲ.
ನಲವತ್ತನಾಲ್ಕು ಸಾಲಿನ ಮೇಲೆ, ವರದಿಯ ನೆತ್ತಿಯಲ್ಲಿ,
ಸಾಸಿವೆಗಾತ್ರದ ಅಕ್ಷರದಲ್ಲಿ
ವರದಿ ತಯಾರಾದ ದಿನಾಂಕವೆಂದು ಅದನ್ನೇ ಬರೆದಿತ್ತು.
ರೋಗಿಯ ಕೈಗಡಿಯಾರ ನೋಡಿಕೊಂಡು
ರೋಗಿಯ ನಾಡಿ ಎಣಿಸಿತ್ತು ಪಾಪ.
ಮೂರು ವರ್ಷದಿಂದ ದಿನಾ ಓದುತ್ತಿದ್ದ ನಾನು
ಆ ಸಾಲನ್ನು ಒಂದು ದಿನವೂ ಓದಿರಲಿಲ್ಲ.

ತೀನ್ ಕಂದೀಲಿನ ಹತ್ತಿರ ಖಾಜಾ ಮೈನುದ್ದೀನನ ಅಂಗಡಿ,
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಕೇಳಿದ:
"ಶೆಲ್ ಯಾವ ಗಡಿಯಾರಕ್ಕ?"
"ಗಂಜಿಗೆ," ಎಂದೆ.
ನಗಲಿಲ್ಲ. ಬಿಲ್ಲೆಯಂಥ ಶೆಲ್ಲೊಂದನ್ನು ಒರೆಸಿ ಕೊಟ್ಟ,
ನಲವತ್ತು ರೂಪಾಯಿ.

ಕವಚ ಬಿಚ್ಚಿದರೆ ಒಳಗೆಲ್ಲ ಹತ್ತಿಯ ನವಿರು,
ಫ್ಯಾನಿನ ರೆಕ್ಕೆಗೆ ಬಿಳಿ ಮೀಸೆ.
ಉಗುರಿಂದ ಹಳೆಯ ಶೆಲ್ ಎಬ್ಬಿಸಿ ಹೊಸದು ಕೂರಿಸಿ
ದಿನ, ತಿಂಗಳು, ವರ್ಷ ಬೆರಳಲ್ಲೇ ತಿದ್ದಿದೆ.
ಹನ್ನೊಂದು ವರ್ಷ ಒಂದು ಗುಂಡಿಗೆ ದಾಟಿತು.
ಹನ್ನೊಂದೂ ಇಪ್ಪತ್ತಕ್ಕೆ ಮೊದಲ ಚೀಟಿ ಒಳಗೆ ಹೋಯಿತು;
ಕಿಟಕಿಯಲ್ಲಿದ್ದ ಮುಖಗಳು
ನನ್ನ ಕಡೆ ನೋಡದೆ ದರದ ಕಡೆ ಓಡಿದವು.

ಫೋನಿನಲ್ಲಿ ಸಂಗೀತ ಇನ್ನೂ ನಡೆದೇ ಇತ್ತು.

ತಪ್ಪು ಚೀಟಿ ಹರಿದು ಹಾಕಬೇಕು, ಕೊಡು ಎಂದರೆ
ಯಂಕೋಬ ಕೊಡಲೊಲ್ಲ.
ಮಡಚಿ ಅಂಗಿಯ ಕಿಸೆಗಿಟ್ಟ,
ನಡುವಿನ ಮೇಲೆ ಒಂದು ಕೈ ಊರಿ
ಸೇತುವೆಯ ಕಡೆ ನಿಧಾನ ನಡೆದ.