ಉಗುಳುಂಡೆ

ಪರೇಲಿನ ಮುಚ್ಚಿದ ಗಿರಣಿಯ ಚಿಮಣಿ ಬುಡದಲ್ಲಿ
ವಾಚ್‌ಮನ್ ಹೆಕ್ಕಿಕೊಟ್ಟ ಹದಿಮೂರು ಉಂಡೆ,
ಹೆಬ್ಬೆರಳ ಗಾತ್ರ, ಒಣಗಿದ ಮೇಲೆ ಬೂದಿ.
ಕ್ರಿಮಿ ಸಾಯಲು ಮೊದಲು ಬಿಸಿ ತಾಗಿಸಬೇಕು.
ಪಾವ್ ಬೇಕರಿಯವ ಕೈಮುಗಿದ:
ಗೂಬೆಯದ್ದಾ? ನಕೋ ಬಾಯೀ.
ಫಾಯಿಲು ಸುತ್ತಿ ನನ್ನದೇ ಕುಕ್ಕರಿನಲ್ಲಿಟ್ಟೆ.
ಆಮೇಲೆ ಅದರಲ್ಲಿ ಅನ್ನ ಮಾಡಿಲ್ಲ.

ಮುನಿಸಿಪಾಲಿಟಿಯ ಕನ್ನಡ ಶಾಲೆ, ಮೂರನೇ ಮಾಳಿಗೆ,
ಏಳನೇ ಇಯತ್ತೆಗೆ ಒಟ್ಟು ಹನ್ನೊಂದು ಮಕ್ಕಳು.
ಹಳೆ ಪೇಪರು, ಹುಬ್ಬಿನ ಚಿಮಟ, ಹಲ್ಲುಕಡ್ಡಿ.
ಲದ್ದಿ, ಎಂದಳು ಸಬೀನಾ. ಅಲ್ಲ.
ವಾಂತಿ. ಅದೂ ಪೂರ್ತಿ ಅಲ್ಲ.
ನುಂಗಿದ್ದರಲ್ಲಿ ಕರಗದ್ದನ್ನು ಕೂದಲಲ್ಲಿ ಸುತ್ತಿ
ವಾಪಸು ಕೊಡುತ್ತದೆ, ಎಂದೆ.
ಪಠ್ಯದಲ್ಲಿ ಇದಕ್ಕೆ ಹೆಸರಿರಲಿಲ್ಲ.
ಹಿಂದಿನ ಬೆಂಚು ಇಟ್ಟಿತು: ಉಗುಳುಂಡೆ.

ಮೊದಲು ಮೂಗು ಮುಚ್ಚಿದ ಕೈಗಳು,
ಆಮೇಲೆ ಮೂಗಿನ ನೆನಪೇ ಯಾರಿಗೂ ಇಲ್ಲ.
ಅಕ್ಕಿನುಚ್ಚಿನಷ್ಟು ಬೆನ್ನುಮಣಿ,
ಕತ್ತರಿಸಿ ಬಿದ್ದ ಉಗುರಿನಂಥ ಪಕ್ಕೆಲುಬು,
ಎರಡು ಎಳೆ ಕೂಡಿ ಒಂದಾದ ಕಾಲೆಲುಬು.
ಒಂದು ಬುರುಡೆ ಎತ್ತಿ ಹಿಡಿದೆ:
ಇದು ಸೊಂಡಿಲಿ.

ಅಲ್ಲ ಟೀಚರ್, ಎಂದ ಮೌನೇಶ,
ಇಡೀ ವರ್ಷ ಬಾಯಿ ತೆರೆಯದವ.
ಹಲ್ಲು ನೋಡಿ, ಅರಿಸಿನ ಬಣ್ಣ.
ಸೊಂಡಿಲಿಯದು ಬಿಳಿ, ಚೂಪು.
ಇದು ಹೆಗ್ಗಣದ ಮರಿ. ಹದಿನೈದು ದಿನ ಬಿಟ್ಟಿದ್ದರೆ
ಗೂಬೆಗೆ ಎತ್ತಲಿಕ್ಕೆ ಆಗ್ತಿರಲಿಲ್ಲ.

ಯಾರು ಹೇಳಿಕೊಟ್ಟರೋ?
ಅಪ್ಪ.
ರಾತ್ರಿ ಹನ್ನೊಂದಕ್ಕೆ ಹೊರಡ್ತಾನೆ, ದೊಣ್ಣೆ, ಟಾರ್ಚು, ಚೀಲ,
ವಾರ್ಡಿನ ಗಟಾರದುದ್ದಕ್ಕೂ.
ಬೆಳಿಗ್ಗೆ ಚೌಕಿಯಲ್ಲಿ ಎಣಿಸಿ ಕೊಡಬೇಕು ಮೂವತ್ತು.
ಇಪ್ಪತ್ತೊಂಬತ್ತಾದರೆ ಆ ರಾತ್ರಿಗೆ ಕೂಲಿ ಇಲ್ಲ.
ಕಮ್ಮಿ ಬೀಳುವ ದಿನ ಟಾರ್ಚು ನಾನು ಹಿಡೀತೇನೆ.

ಹೋಂವರ್ಕು ತಾರದೆ ಗೋಡೆಗೊರಗಿ ತೂಕಡಿಸುವವನನ್ನು
ಎಷ್ಟು ಸಲ ಬೈದಿದ್ದೆ,
ಏಳೋ ಗೂಬೆ, ಎಂದು.

ಎಣಿಸಿದೆವು. ಮೂವತ್ತೊಂದು ಬುರುಡೆ.
ದಿನಕ್ಕೆ ಎರಡು ಉಂಡೆಯ ಲೆಕ್ಕ,
ಒಂದು ವಾರದ ದುಡಿಮೆ, ಎಂದೆ.
ಅಪ್ಪನೇ ಫಾಸ್ಟು, ಎಂದು ನಕ್ಕ.
ಅವನಿಗೂ ಹಲ್ಲಿರುವುದು ಅವತ್ತೇ ಕಂಡಿದ್ದು.

ಗಂಟೆ ಹೊಡೆಯಿತು. ಉಳಿದವರು ಚಾರ್ಟಿಗೆ ಅಂಟಿಸಿದರು,
ಬಾಲದ ಮಣಿಗಳು ಯಾವ ಇಲಿಯವೋ ಯಾರದಕ್ಕೋ ಸೇರಿ.
ಮೌನೇಶ ಹಿಂದೆ ಉಳಿದ.
ಈ ಬುರುಡೆ ಒಯ್ಯಲೇ? ಅಪ್ಪನಿಗೆ ತೋರಿಸಬೇಕು.
ದಿನಾ ಮುಟ್ಟುತ್ತಾನೆ, ಒಳಗೆ ಹೇಗಿರುತ್ತೆ ನೋಡಿಲ್ಲ.

ಬೆಂಕಿಪೊಟ್ಟಣದ ಕಡ್ಡಿಗಳನ್ನು ಮೇಜಿಗೆ ಸುರಿದು
ಖಾಲಿ ಪೊಟ್ಟಣ ಕೊಟ್ಟೆ.
ಹತ್ತಿಯೂ ಬೇಕು, ಎಂದ.