ಚತುರ್ದಶಿಯ ಕರಕಿ

ಉಗಾರದ ಆಚೆ, ಕೃಷ್ಣೆಗೆ ಇಳಿಯುವ ದಾರಿಯಲ್ಲಿ
ನಮ್ಮ ಎರಡೆಕರೆಗೆ ಈಗ ಹೆಸರೇ ಸವಳ.
ನೀರು ಸಾಲದೆ ಕೆಟ್ಟದ್ದಲ್ಲ, ಹೆಚ್ಚಾಗಿ ಕೆಟ್ಟದ್ದು.
ಮೂವತ್ತು ವರ್ಷ ಕಬ್ಬಿಗೆ ಕುಡಿಸಿದ್ದು
ಕೆಳಗೆ ಮಲಗಿದ್ದ ಉಪ್ಪನ್ನು
ಕೈಹಿಡಿದು ಮೇಲೆ ಕರೆತಂತು.
ಮಾಗಿಯ ಬೆಳಗಿನಲ್ಲಿ ಹೊಲವೆಂದರೆ
ರಂಗೋಲಿಯ ಚೀಲ ಹರಿದಂತೆ.

ಉಪ್ಪು ತಿಂದವ ನೀರು ಕುಡಿಯಲೇಬೇಕು ಅನ್ನುತ್ತಾರೆ.
ಇಲ್ಲಿ ಗಾದೆ ಬೋರಲು ಬಿದ್ದಿದೆ:
ನೀರು ಕುಡಿದ ನೆಲ ಉಪ್ಪು ತಿನ್ನುತ್ತಿದೆ.

ಕಬ್ಬು ಹೋಯಿತು.
ಗೋವಿನಜೋಳ ಮೊಳಕೆಯಲ್ಲೇ ಸುಟ್ಟಿತು.
ಕರಕಿ ಉಳಿಯಿತು,
ವರ್ಷಗಟ್ಟಲೆ ನಾವು ಕುರ್ಚಿಗಿಯಿಂದ ಕಿತ್ತು
ಬದುವಿಗೆ ಒಗೆದದ್ದು.

ಅಂದು ಚತುರ್ದಶಿ. ನನ್ನ ಅಜ್ಜಿ ಅಕ್ಕಾತಾಯಿಗೆ
ಉಪ್ಪಿಲ್ಲ, ಹಸಿರಿಲ್ಲ,
ಹೊತ್ತು ಮುಳುಗುವ ಮೊದಲು ಒಂದೇ ಊಟ, ಸಪ್ಪಗೆ.
ಬದುವಿನ ಮೇಲೆ ಕೂತವಳು ಬಗ್ಗಿ, ಕನ್ನಡಕ ಏರಿಸಿ,
"ಎಲಿ ಬೆವತಾವಲ್ಲೋ" ಅಂದಳು.
ಇಬ್ಬನಿ, ಅಂದೆ.
"ಇಬ್ಬನಿ ಆರಿದ ಮ್ಯಾಲ ಬೆಳ್ಳಗ ಉಳೀತದೇನು?
ನಾಲಗಿ ಹಚ್ಚಿ ನೋಡು. ನನಗ ಇವತ್ತ ಬರಂಗಿಲ್ಲ.
ಹರೀಬ್ಯಾಡ ಮತ್ತ. ಇದ್ದಲ್ಲೇ."

ಡಿಪ್ಲೊಮಾ ಮುಗಿಸಿದವನು ನಾನು
ಕರುವಿನ ಹಾಗೆ ನಾಲ್ಕೂ ಊರಿ ನೆಕ್ಕಿದೆ.
ಉಪ್ಪು.
ಅಡಿಗೆಮನೆಯದಲ್ಲ, ಕೊನೆಗೆ ತುಸು ಕಹಿ,
ಆದರೂ ಉಪ್ಪೇ.

ಮಣ್ಣು ಪರೀಕ್ಷೆಗೆ ಬಂದ ಪಾರೀಸ ಹೇಳಿದ್ದನ್ನು ಹೇಳಿದೆ:
ಬೇರು ಬಾಗಿಲಲ್ಲೇ ಬಹಳಷ್ಟನ್ನು ತಡೆಯುತ್ತದಂತೆ.
ನುಸುಳಿ ಬಂದದ್ದನ್ನು ಎಲೆಯ ಮೇಲಿನ
ಕಣ್ಣಿಗೆ ಕಾಣದ ಗ್ರಂಥಿಗಳು ಹೊರಗೆ ಚೆಲ್ಲುತ್ತವಂತೆ.
ಒಳಗೊಂದಿಷ್ಟು ತನ್ನದೇ ರಸ ಕೂಡಿಟ್ಟು
ಉಪ್ಪಿನ ಮುಷ್ಟಿಯಿಂದ ನೀರು ಜಗ್ಗುತ್ತದಂತೆ.
ಇನ್ನೂ ಮಿಕ್ಕಿದ್ದು ಮುದಿ ಎಲೆಯ ಪಾಲು:
ತುಂಬಿಕೊಂಡು, ಹಳದಿಯಾಗಿ, ಉದುರಿ,
ಸುಳಿಯನ್ನು ಉಳಿಸುತ್ತದಂತೆ.

ಎಲ್ಲದಕ್ಕೂ ಹೂಂ ಅಂದಳು,
ಮುದಿ ಎಲೆಯ ಮಾತಿಗೆ ಮಾತ್ರ ಅನ್ನಲಿಲ್ಲ.
ಸೆರಗಿನಿಂದ ಕನ್ನಡಕ ಒರೆಸಿದಳು.
"ಅಂದ್ರ ಇದಕ್ಕ ದಿನಾ ಚತುರ್ದಶಿ" ಅಂದಳು ಆಮೇಲೆ.
"ನನಗ ತಿಂಗಳಿಗೆ ಎರಡ ಸಲ ಬಿಡೂದ್ರಾಗ
ಸಾಕುಸಾಕಾಗ್ತದ, ನೋಡು."

ಅಷ್ಟರಲ್ಲಿ ಕಾರ್ಖಾನೆಯ ಭೋಂಗಾ ಕೂಗಿತು.
ಎಮ್ಮೆ ಒಳ್ಳೆ ಹುಲ್ಲಿನ ಬದು ಬಿಟ್ಟು
ಸವಳಿನ ಕಡೆಗೇ ಹಗ್ಗ ಜಗ್ಗುತ್ತಿತ್ತು.
ಅದಕ್ಕೆ ಯಾವ ವ್ರತವೂ ಇಲ್ಲ.
ಅಜ್ಜಿ ಎದ್ದಳು, ಮೊಣಕಾಲು ಹಿಡಿದು,
ಗೂಟದ ಗಂಟು ಬಿಚ್ಚಿದಳು.